ದೀಪಾ ಧನರಾಜ್ ಮತ್ತು ನಿಪ್ಪಾಣಿಯ ತಂಬಾಕು ಹೆಂಗಸರು

ಧಾರವಾಡ ಜಿಲ್ಲೆಯ ಹಳ್ಳಿಗಳ ಸಮೀಪದ ಇತಿಹಾಸವನ್ನು ಬರೆಯುವವರಿಗೆಲ್ಲ 1980ರ ಜುಲೈ 21 ಮುಖ್ಯ ದಿನ. ನೀರಾವರಿಯಿಂದ ಜಮೀನಿನ ಬೆಲೆ ಏರಿತೆಂದು ಸರ್ಕಾರ ಅದರ ಒಡೆಯನಿಂದ ವಸೂಲಿ ಮಾಡುವ ಹಣಕ್ಕೆ ಅಭಿವೃದ್ಧಿ ಕರ ಎನ್ನುತ್ತಾರೆ; ಮಲಪ್ರಭಾ ಅಚ್ಚುಕಟ್ಟಿನ ರೈತರು ಆ ಕರದ ವಿರುದ್ಧ ನವಲಗುಂದ, ನರಗುಂದಗಳಲ್ಲಿ ಬಂಡೆದ್ದು, ಗೋಲಿಬಾರಿನಲ್ಲಿ ಪ್ರಾಣ ತೆತ್ತರು. ನ್ಯಾಯವಾದ ಆ ಸಿಟ್ಟಿನ ಕಥನದಲ್ಲಿ ಎದ್ದು ಕಾಣುವವನು ಹೊಲದ ಒಡೆಯನೇ ಹೊರತು ಅದೇ ಹೊಲದಲ್ಲಿ ಹತ್ತಿ ಬಿಡಿಸಿದ, ಮೆಣಸಿನಕಾಯಿ ಹರಿದ ಕೂಲಿ ಹೆಂಗಸಲ್ಲ ಎಂಬುದು ಈ ಭಾಗದ ಇತಿಹಾಸ ಬರವಣಿಗೆಯ ದೊಡ್ಡ ಕೊರತೆ.

ಅದೇ 1980ರಲ್ಲಿ ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಹಾಗೂ ಛಾಯಾಗ್ರಾಹಕ ನವ್ರೋಜ್ ಕಾಂಟ್ರಾಕ್ಟರ್ ಸೇರಿ 'ಯುಗಾಂತರ್' ಎಂಬ ಚಲನಚಿತ್ರ ಬಳಗವನ್ನು ಕಟ್ಟಿದರು. ಪುಣೆಯ ಮನೆಗೆಲಸದವರ ಸಂಘಟನೆಯನ್ನು ಕುರಿತ 'ಮೋಲ್ಕರೀಣ್' (1981) ಮುಗಿದ ಮೇಲೆ ಬಳಗವು ಬೆಳಗಾವಿಯಾಚೆ, ಆಗ ಚಿಕ್ಕೋಡಿ ತಾಲ್ಲೂಕಿಗೆ ಸೇರಿದ್ದ ನಿಪ್ಪಾಣಿಗೆ ಬಂದಿತು. ಅಲ್ಲಿಯೂ 1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಶರದ್ ಜೋಶಿಯವರ ನೇತೃತ್ವದಲ್ಲಿ ಚಳವಳಿ ನಡೆಸಿ ಗುಂಡೇಟು ತಿಂದಿದ್ದರು. ಆದರೆ ಬಳಗದ ಕ್ಯಾಮೆರಾ ಬೆಳೆಗಾರನ ಹೊಲಕ್ಕೆ ಹೋಗದೆ, ಸುಭಾಷ್ ಜೋಶಿಯವರು ಕಟ್ಟಿದ ಕಾರ್ಮಿಕ ಸಂಘದ ಹೆಂಗಸರು ದುಡಿಯುತ್ತಿದ್ದ ಕಾರ್ಖಾನೆಗಳ ಕಡೆ ತಿರುಗಿತು. ಒಣಗಿದ ಎಲೆಯನ್ನು ಬಡಿದು, ಕಡ್ಡಿ ಬೇರ್ಪಡಿಸಿ, ಜರಡಿ ಹಿಡಿಯುವ ಆ ಕೆಲಸದಲ್ಲಿ ಏಳುವ ಘಾಟು ಧೂಳು ಮೂಗಿಗೆ ಸೆರಗು ಸುತ್ತಿಕೊಂಡರೂ ಎದೆಗಿಳಿಯದೆ ಬಿಡುವುದಿಲ್ಲ.

ಹೀಗೆ ರೂಪುಗೊಂಡ 'ತಂಬಾಕು ಚಾಕಿಲಾ ಊಬ ಆಲಿ' (1982) ಎಂಬ ಕಪ್ಪು-ಬಿಳುಪು ಸಾಕ್ಷ್ಯಚಿತ್ರ ಅರ್ಧ ಗಂಟೆಯನ್ನೂ ಮೀರದಿದ್ದರೂ ಅದರ ಹಿಂದೆ ಹೆಂಗಸರೊಂದಿಗೆ ತಿಂಗಳುಗಟ್ಟಲೆ ನಡೆದ ಒಡನಾಟವಿದೆ. ಕಾರ್ಮಿಕರ ಬಗ್ಗೆ ಹೊರಗಿನವರು ತೀರ್ಪು ಹೇಳುವ ಸರ್ಕಾರಿ ವಾರ್ತಾಚಿತ್ರದ ಪದ್ಧತಿಯನ್ನು ಬಿಟ್ಟು, ಏನನ್ನು ತೋರಿಸಬೇಕು, ಹೇಗೆ ಹೇಳಬೇಕು ಎಂಬುದನ್ನು ಕಾರ್ಮಿಕರ ಜೊತೆ ಕುಳಿತು ತೀರ್ಮಾನಿಸಿದ್ದು ಈ ಚಿತ್ರದ ನಿಜವಾದ ಸಾಧನೆ. ದೀಪಾ ಅವರ ಮುಂದಿನ ಕೆಲಸಕ್ಕೆಲ್ಲ ಅದೇ ತಳಪಾಯವಾಯಿತು.

ಕುಟುಂಬ ಯೋಜನೆಯ ಹೆಸರಿನಲ್ಲಿ ಬಡ ಹೆಂಗಸರ ದೇಹದ ಮೇಲೆ ನಡೆದ ದಬ್ಬಾಳಿಕೆಯನ್ನು ಬಯಲಿಗೆಳೆದ 'ಸಮ್‌ಥಿಂಗ್ ಲೈಕ್ ಎ ವಾರ್' (1991) ಅವರಿಗೆ ದೇಶದಾಚೆಯೂ ಹೆಸರು ತಂದಿತು. 1993ರ ಪಂಚಾಯತ್ ರಾಜ್ ಕಾಯ್ದೆಯನ್ವಯ ಮೂರನೇ ಒಂದು ಭಾಗದ ಮೀಸಲಾತಿಯಲ್ಲಿ ಕರ್ನಾಟಕದ ಹಳ್ಳಿಗಳ ಹೆಂಗಸರು ಸದಸ್ಯರಾಗಿ ಆರಿಸಿ ಬಂದಾಗ, ಅವರನ್ನು ಕುರಿತು 'ಇಟ್ಟ ಹೆಜ್ಜೆ ಮುಂದಕ್ಕ ತೆಗಿಯಬ್ಯಾಡ ಹಿಂದಕ್ಕ' (1995) ಬಂದಿತು. ಹೈದರಾಬಾದ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ರೋಹಿತ್ ವೇಮುಲ ಸಾವಿನ ನಂತರದ ವಿದ್ಯಾರ್ಥಿ ಹೋರಾಟವನ್ನು ದೀಪಾ ಅವರ 2018ರ ಚಿತ್ರ ದಾಖಲಿಸಿತು.

ಯುಗಾಂತರ್ ಚಿತ್ರಗಳನ್ನು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆ ದುರಸ್ತಿಗೊಳಿಸಿ ಉಳಿಸಿದೆ. ಅವು ದೂರದ ಚಿತ್ರಮಂದಿರಗಳಲ್ಲಷ್ಟೇ ಓಡಾಡಿದರೆ ಸಾಲದು. ನವಲಗುಂದ, ಕುಂದಗೋಳ, ಅಣ್ಣಿಗೇರಿಗಳಲ್ಲಿ ಇಂದಿಗೂ ದಿನಗೂಲಿಗೆ ಹೊಲಕ್ಕೆ ಹೋಗುವ ಹೆಂಗಸರಿಗೆ ನಿಪ್ಪಾಣಿಯ ಚಿತ್ರವನ್ನು ಪಂಚಾಯತಿ ಸಭಾಭವನಗಳಲ್ಲಿ ತೋರಿಸಿ, ಅದನ್ನು ನೋಡಿ ಅವರು ಆಡುವ ಮಾತನ್ನು ದಾಖಲಿಸುವ ಕೆಲಸವನ್ನು ಧಾರವಾಡದ ವಿದ್ಯಾಸಂಸ್ಥೆಗಳು ಕೈಗೆತ್ತಿಕೊಳ್ಳಬೇಕು.