ಗೋಷಾದಿಂದ ಬಿಲ್ಲಿಂಗ್ ಕೌಂಟರಿನವರೆಗೆ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಇಳಿದು ಗೋಷಾ ಆಸ್ಪತ್ರೆಯ ದಾರಿ ಕೇಳಿದರೆ ತೋರಿಸದವರಿಲ್ಲ. ಆದರೆ ಆ ಹೆಸರಿನ ಅರ್ಥವೇನೆಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಗೋಷಾ ಎಂಬುದು ಫಾರಸಿ ಮೂಲದ ಪದ. ಮೂಲೆ, ಏಕಾಂತ ಎಂದು ಅರ್ಥ. ಪರದೆಯ ಮರೆಯಲ್ಲಿ ಬಾಳುವ ಮಹಿಳೆಯರನ್ನು ಹಿಂದೆ ಗೋಷಾ ಹೆಂಗಸರು ಎನ್ನುತ್ತಿದ್ದರು. ಹೆರಿಗೆ ನೋವಿನಲ್ಲಿ ಜೀವ ಹೋದರೂ ಪುರುಷ ವೈದ್ಯನ ಮುಂದೆ ಹೋಗಲು ಒಪ್ಪದ ಹೆಣ್ಣುಮಕ್ಕಳು ಅಂದು ಎಲ್ಲ ಸಮುದಾಯಗಳಲ್ಲೂ ಇದ್ದರು. ಅಂಥವರಿಗಾಗಿ ದಂಡು ಪ್ರದೇಶದ ಕಚ್ಛಿ ಮೆಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್ ನೀಡಿದ ದಾನದಿಂದ ಎದ್ದು ನಿಂತದ್ದೇ ಈ ಆಸ್ಪತ್ರೆ. ಸೇಠರು 1934ರಲ್ಲಿ ತೀರಿಕೊಂಡರು. ಇಂದು ಅದು ಸರಕಾರಿ ಆಸ್ಪತ್ರೆ. ದಾನಿಯ ಹೆಸರು ಮಾತ್ರ ಫಲಕದಲ್ಲಿ ಉಳಿದಿದೆ.

ಒಂದು ಆಸ್ಪತ್ರೆಯನ್ನು ಅರಿಯಬೇಕಾದರೆ ಅಲ್ಲಿ ಎಷ್ಟು ಯಂತ್ರಗಳಿವೆ ಎಂದು ಎಣಿಸುವ ಮೊದಲು, ಅದನ್ನು ಯಾರನ್ನು ಒಳಗೆ ಕರೆಯಲು ಕಟ್ಟಲಾಯಿತು ಎಂದು ಕೇಳಬೇಕು. ಬೆಂಗಳೂರಿನ ಪೂರ್ವ ಭಾಗದ ಆಸ್ಪತ್ರೆಗಳ ಚರಿತ್ರೆಯನ್ನು ಈ ಪ್ರಶ್ನೆಯೊಂದಿಗೆ ಓದಿದರೆ ಅನೇಕ ಸಂಗತಿಗಳು ಸ್ಪಷ್ಟವಾಗುತ್ತವೆ.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಹಲಸೂರಿನ ಕಡೆಗೆ ತಂದರು. ಅಲ್ಲಿ ಜ್ವರದಿಂದ ಸೈನಿಕರು ಸಾಯುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಎಂದರೆ ಬೆಂಗಳೂರು ದಂಡು ಹುಟ್ಟಿದ್ದೇ ಆರೋಗ್ಯದ ಚಿಂತೆಯಿಂದ. ಆದರೆ ಆ ಚಿಂತೆ ಸೈನಿಕನದ್ದು ಮಾತ್ರವಾಗಿತ್ತು. ಸೈನ್ಯದ ಬೆನ್ನಿಗೆ ಬಂದು ನೆಲೆಸಿದ ಅಡುಗೆಯವರು, ಅಗಸರು, ದರ್ಜಿಗಳು, ಕಟುಕರು, ಕೂಲಿಗಳು ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ದೊಡ್ಡ ಮಟ್ಟದ ಉತ್ತರ ಸಿಗಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿನ ಆಸ್ಪತ್ರೆ 1868ರಲ್ಲಿ ತೆರೆಯಿತು. ಪ್ಯಾರಿಸ್ಸಿನ ಲಾರಿಬ್ವಾಸಿಯೇರ್ ಆಸ್ಪತ್ರೆಯ ಮಾದರಿಯಲ್ಲಿ, ಗಾಳಿ ಬೆಳಕು ಆಡುವಂತೆ ವಾರ್ಡುಗಳನ್ನು ಬೇರೆ ಬೇರೆಯಾಗಿ ಕಟ್ಟಲಾಯಿತು. ಮುಂದೆ ಮಹಿಳೆಯರ ವಿಭಾಗಕ್ಕೆ ಲೇಡಿ ಕರ್ಜನ್ ಹೆಸರು ಸೇರಿತು.

ಖಾಸಗಿ ಆಸ್ಪತ್ರೆಗಳ ಕತೆ ಇದರ ಪಕ್ಕದಲ್ಲೇ ಬೆಳೆಯಿತು. 1886ರಲ್ಲಿ ಗುಡ್ ಶೆಫರ್ಡ್ ಸಭೆಯ ಕ್ರೈಸ್ತ ಸನ್ಯಾಸಿನಿಯರು ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಆರಂಭಿಸಿದರು. ದಂಡಿನಲ್ಲಿ ಜೆನಾನಾ ಮಿಷನ್ನಿನ ಮಹಿಳಾ ವೈದ್ಯರು ಹೆಂಗಸರಿಗಾಗಿ ಆಸ್ಪತ್ರೆ ನಡೆಸಿದರು. ಅದೇ ಇಂದಿನ ಸಿ.ಎಸ್.ಐ. ಆಸ್ಪತ್ರೆ. 1937ರಲ್ಲಿ ಆಸ್ಟಿನ್ ಟೌನ್ ಬಳಿ ಸೇಂಟ್ ಫಿಲೋಮಿನಾಸ್ ಬಂತು. ಇಂಥ ಮಿಷನ್ ಆಸ್ಪತ್ರೆಗಳ ಲೆಕ್ಕಾಚಾರ ಸರಳವಾಗಿತ್ತು. ಸನ್ಯಾಸಿನಿಯರು ಆವರಣದಲ್ಲೇ ವಾಸಿಸಿ ಹಗಲಿರುಳು ದುಡಿಯುತ್ತಿದ್ದರು. ಸ್ಪೆಶಲ್ ರೂಮಿನವರು ಕೊಡುವ ಹಣ ಜನರಲ್ ವಾರ್ಡಿನ ಬಡವರ ಖರ್ಚಿಗೆ ಒದಗುತ್ತಿತ್ತು. ಉಳ್ಳವನ ಬಿಲ್ಲಿನಲ್ಲಿ ಇಲ್ಲದವನ ಮದ್ದು ಅಡಗಿತ್ತು.

ನಗರ ಪೂರ್ವಕ್ಕೆ ಹರಡಿದಂತೆ ಆಸ್ಪತ್ರೆಯೂ ಅದನ್ನು ಹಿಂಬಾಲಿಸಿತು. 1970ರಲ್ಲಿ ಸ್ಥಾಪನೆಯಾದ ಚಿನ್ಮಯ ಮಿಷನ್ ಆಸ್ಪತ್ರೆ ಇಂದಿರಾನಗರದ ಒಂದು ದೊಡ್ಡ ರಸ್ತೆಗೇ ತನ್ನ ಹೆಸರು ಕೊಟ್ಟಿತು. ಸಿ.ಎಂ.ಎಚ್. ರಸ್ತೆಯಲ್ಲಿ ದಿನವೂ ಓಡಾಡುವ ಎಷ್ಟೋ ಮಂದಿಗೆ ಆ ಮೂರು ಅಕ್ಷರಗಳ ಹಿಂದೆ ಒಂದು ಆಸ್ಪತ್ರೆ ಇದೆ ಎಂಬುದೇ ನೆನಪಿರುವುದಿಲ್ಲ.

1991ರಲ್ಲಿ ವಿಮಾನ ನಿಲ್ದಾಣ ರಸ್ತೆಯಲ್ಲಿ ಮಣಿಪಾಲ್ ಆಸ್ಪತ್ರೆ ಆರಂಭವಾದಾಗ ಹೊಸ ಅಧ್ಯಾಯ ತೆರೆಯಿತು. ಹೃದಯ, ಮೂತ್ರಪಿಂಡ, ನರ ಎಂದು ಪ್ರತಿಯೊಂದು ಅಂಗಕ್ಕೂ ಪ್ರತ್ಯೇಕ ವಿಭಾಗ, ಒಂದೇ ಸೂರಿನಡಿ ಸ್ಕ್ಯಾನಿಂಗ್, ಪ್ರಯೋಗಾಲಯ, ಔಷಧಿ ಅಂಗಡಿ, ತುರ್ತು ನಿಗಾ ಘಟಕ. ಹಿಂದೆ ಇಂಥ ಚಿಕಿತ್ಸೆಗೆ ವೆಲ್ಲೂರಿಗೋ ಮದ್ರಾಸಿಗೋ ಹೋಗಬೇಕಿದ್ದ ಕುಟುಂಬಗಳಿಗೆ ಇದು ದೊಡ್ಡ ಅನುಕೂಲ. ಈ ವ್ಯವಸ್ಥೆ ಉಳಿಸಿದ ಪ್ರಾಣಗಳನ್ನು ನಾವು ಮರೆಯಬಾರದು. ಆದರೆ ಇಂಥ ಆಸ್ಪತ್ರೆಗಳ ಸಂಘಟನೆಯೇ ಬೇರೆ. ಸಲಹಾ ವೈದ್ಯರಿಗೆ ಪ್ರತ್ಯೇಕ ಶುಲ್ಕ, ಶಸ್ತ್ರಕ್ರಿಯೆಗೆ ಪ್ಯಾಕೇಜು, ದಾಖಲಾತಿಗೆ ಮುಂಗಡ. 2001ರಲ್ಲಿ ಟಿ.ಪಿ.ಎ. ನಿಯಮಗಳು ಬಂದ ಮೇಲೆ ವಿಮಾ ಕಂಪೆನಿ ಮತ್ತು ಆಸ್ಪತ್ರೆಯ ನಡುವೆ ಇನ್ನೊಂದು ಮೇಜು ಹುಟ್ಟಿಕೊಂಡಿತು. ರೋಗಿ ಗುಣವಾದರೂ ಆ ಮೇಜಿನ ಒಪ್ಪಿಗೆ ಬಾರದೆ ಮನೆಗೆ ಹೋಗುವಂತಿಲ್ಲ. ಇದಕ್ಕೂ ಮೊದಲೇ, 1995ರಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ನೀಡುವ ಚಿಕಿತ್ಸೆಯನ್ನು ಗ್ರಾಹಕ ಸಂರಕ್ಷಣಾ ಕಾನೂನಿನ ವ್ಯಾಪ್ತಿಗೆ ತಂದಿತ್ತು. ರೋಗಿಗೆ ಪ್ರಶ್ನಿಸುವ ಹಕ್ಕು ದೊರೆಯಿತು. ಜೊತೆಗೆ ಆತ ಕಾನೂನಿನ ಕಣ್ಣಿನಲ್ಲಿ ಗ್ರಾಹಕನೂ ಆದ.

ಆಧುನಿಕ ಚಿಕಿತ್ಸೆ ದುಬಾರಿ, ಬೇರೆ ದಾರಿಯೇ ಇಲ್ಲ ಎನ್ನುವವರಿದ್ದಾರೆ. ಕೆ.ಆರ್. ಪುರಂ ದಾಟಿ ವೈಟ್‌ಫೀಲ್ಡ್ ಕಡೆಗೆ ಹೋದರೆ ಇದಕ್ಕೊಂದು ಉತ್ತರವಿದೆ. 2001ರ ಜನವರಿಯಲ್ಲಿ ಅಲ್ಲಿ ಉದ್ಘಾಟನೆಯಾದ ಸತ್ಯಸಾಯಿ ಸೂಪರ್ ಸ್ಪೆಶಾಲಿಟಿ ಆಸ್ಪತ್ರೆಯೂ ಖಾಸಗಿಯೇ. ಹೃದಯ ಮತ್ತು ಮೆದುಳಿನ ಶಸ್ತ್ರಕ್ರಿಯೆಗಳನ್ನು ಅದು ಉಚಿತವಾಗಿ ಮಾಡುತ್ತ ಬಂದಿದೆ. ಹತ್ತು ವರ್ಷಗಳ ಅಂತರದಲ್ಲಿ ನಗರದ ಒಂದೇ ದಿಕ್ಕಿನಲ್ಲಿ ತಲೆಯೆತ್ತಿದ ಎರಡು ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಒಂದರಲ್ಲಿ ಬಿಲ್ಲು ಇದೆ, ಇನ್ನೊಂದರಲ್ಲಿ ಇಲ್ಲ. ಎಲ್ಲರೂ ಉಚಿತವಾಗಿ ನಡೆಸಲಾರರು ಎಂಬುದು ನಿಜ. ಆದರೆ ಹಣ ಎಲ್ಲಿಂದ ಬರಬೇಕೆಂಬುದು ಮನುಷ್ಯರು ಮಾಡುವ ನಿರ್ಧಾರ, ಅದು ವಿಧಿಲಿಖಿತವಲ್ಲ.

ಸರಕಾರ ಮನಸ್ಸು ಮಾಡಿದರೆ ಏನಾಗಬಹುದೆಂಬುದನ್ನು ಕೊರೋನಾ ಕಾಲ ತೋರಿಸಿತು. 2020ರ ಜೂನ್‌ನಲ್ಲಿ ಕರ್ನಾಟಕ ಸರಕಾರ ಖಾಸಗಿ ಆಸ್ಪತ್ರೆಗಳ ಅರ್ಧದಷ್ಟು ಹಾಸಿಗೆಗಳನ್ನು ತಾನು ಕಳುಹಿಸುವ ಕೋವಿಡ್ ರೋಗಿಗಳಿಗೆ ಮೀಸಲಿಡುವಂತೆ ಆದೇಶಿಸಿತು. ಸಾಮಾನ್ಯ ವಾರ್ಡಿಗೆ ದಿನಕ್ಕೆ 5,200 ರೂಪಾಯಿ, ವೆಂಟಿಲೇಟರ್ ಸಹಿತ ಐ.ಸಿ.ಯು.ಗೆ 10,000 ರೂಪಾಯಿ ಎಂದು ದರ ಗೊತ್ತುಪಡಿಸಿತು. ಆದೇಶದ ಪಾಲನೆಯಲ್ಲಿ ಲೋಪಗಳಿದ್ದವು. ಆದರೂ ಚಿಕಿತ್ಸೆಗೆ ಬೆಲೆ ಕಟ್ಟುವ ಅಧಿಕಾರ ಮಾರುಕಟ್ಟೆಗೆ ಮಾತ್ರ ಸೇರಿದ್ದಲ್ಲ ಎಂಬುದು ಸಾಬೀತಾಯಿತು. 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದಾಗ ವೈದ್ಯರು ರಾಜ್ಯಾದ್ಯಂತ ಮುಷ್ಕರ ಹೂಡಿದ್ದು ನೆನಪಿರಬಹುದು. ಆ ತಿದ್ದುಪಡಿಯಂತೆ ತುರ್ತು ಚಿಕಿತ್ಸೆಗೆ ಮುಂಗಡ ಕೇಳುವಂತಿಲ್ಲ. ಬಾಕಿ ಇದೆಯೆಂದು ಮೃತದೇಹವನ್ನು ತಡೆಹಿಡಿಯುವಂತಿಲ್ಲ. ಈ ಎರಡು ಮಾತುಗಳನ್ನು ಕಾನೂನಿನಲ್ಲಿ ಬರೆದಿಡಬೇಕಾಗಿ ಬಂತೆಂಬುದೇ ನಾವು ಎಲ್ಲಿಗೆ ತಲುಪಿದ್ದೇವೆ ಎಂಬುದನ್ನು ಹೇಳುವುದಿಲ್ಲವೇ?

2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ನೆರವಿದೆ. ಆದರೆ ತುರ್ತು ಸಂದರ್ಭ ಹೊರತುಪಡಿಸಿ, ಮೊದಲು ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಇದು ಗೊತ್ತಿಲ್ಲದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ, ಒಡವೆ ಅಡವಿಟ್ಟು ಹಣ ಕಟ್ಟಿದವರನ್ನು ನಾವೆಲ್ಲ ಕಂಡಿದ್ದೇವೆ. ಮಧ್ಯರಾತ್ರಿ ಫೋನು ಬರುತ್ತದೆ: ಮುಂಗಡಕ್ಕೆ ಇಷ್ಟು ಸಾವಿರ ಕಡಿಮೆ ಬಿದ್ದಿದೆ, ಏನಾದರೂ ಮಾಡಿ. ನಾವು ನಾಲ್ಕು ಜನರಲ್ಲಿ ಕೇಳಿ ಹೊಂದಿಸುತ್ತೇವೆ. ಅದು ಪುಣ್ಯದ ಕೆಲಸವೇ. ಆದರೆ ಮರುದಿನ ಇನ್ನೊಂದು ಮನೆಯಿಂದ ಫೋನು ಬರುತ್ತದೆ.

ಗೋಷಾ ಆಸ್ಪತ್ರೆಗೆ ದಾನ ಕೊಟ್ಟವರ ಕೆಲಸ ಒಬ್ಬ ರೋಗಿಯ ಬಿಲ್ಲಿಗೆ ನಿಲ್ಲಲಿಲ್ಲ. ಹೆಣ್ಣುಮಗಳೊಬ್ಬಳು ಹೊರಗೇ ಉಳಿಯಲು ಇದ್ದ ಕಾರಣವನ್ನು ಗುರುತಿಸಿ, ಅದಕ್ಕೆ ತಕ್ಕಂಥ ಬಾಗಿಲು ಇಡಿಸಿದರು. ಅಂದು ಆಕೆಯನ್ನು ತಡೆದದ್ದು ಪರದೆ. ಇಂದು ಆಕೆಯ ಮೊಮ್ಮಗಳನ್ನು ತಡೆಯುತ್ತಿರುವುದು ಗಾಜಿನ ಹಿಂದಿರುವ ಕೌಂಟರು. ನಮ್ಮ ಜಮಾಅತ್‌ಗಳು, ಸಂಘಗಳು, ಉಳ್ಳವರು ಪ್ರತಿ ಆಸ್ಪತ್ರೆಯಲ್ಲಿ ಕೆಲವು ಹಾಸಿಗೆಗಳ ಖರ್ಚನ್ನು ಶಾಶ್ವತವಾಗಿ ವಹಿಸಿಕೊಳ್ಳಬಹುದು. ಯೋಜನೆಯ ಕಾಗದಪತ್ರ ಬಲ್ಲ ಒಬ್ಬನನ್ನು ಬೌರಿಂಗ್ ಆಸ್ಪತ್ರೆಯ ಬಾಗಿಲಲ್ಲಿ ಕೂರಿಸಬಹುದು. ಕಟ್ಟಡ ಕಟ್ಟುವಷ್ಟು ಹಣ ಇದಕ್ಕೆ ಬೇಡ. ಹೊರಗೆ ಉಳಿದವರು ಯಾರು ಎಂದು ನೋಡುವ ಕಣ್ಣು ಬೇಕು.