ಸೆರಾಂಪುರದ ಬ್ಯಾಪ್ಟಿಸ್ಟ್ ಸಭೆ

ಬಂಗಾಳದ ಹೂಗ್ಲಿ ನದಿಯ ದಂಡೆಯಲ್ಲಿರುವ ಸೆರಾಂಪುರದಲ್ಲಿ (ಶ್ರೀರಾಮಪುರ) 1800ರ ಏಪ್ರಿಲ್ 24ರಂದು ಸ್ಥಾಪನೆಯಾದ ಕ್ರೈಸ್ತ ಸಭೆ. ಇದರ ಮೊದಲ ಸಭಾಪಾಲಕ ವಿಲಿಯಂ ಕೇರಿ (1761–1834).

ಕೇರಿ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಪಾಲರ್ಸ್‌ಪರಿ ಎಂಬ ಹಳ್ಳಿಯ ನೇಕಾರನ ಮಗ. ಕಲಿತ ಕಸುಬು ಚಮ್ಮಾರಿಕೆ. 1783ರ ಅಕ್ಟೋಬರ್ 5ರಂದು ನೆನ್ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು. ಸೇವೆಯ ಕರೆ ತನಗಾಗಿದೆ ಎಂದು ಒಬ್ಬ ಹೇಳಿಕೊಂಡರೆ ಬ್ಯಾಪ್ಟಿಸ್ಟರಿಗೆ ಸಾಲದು. ಅದನ್ನು ಸಭೆ ಪರೀಕ್ಷಿಸಿ ಒಪ್ಪಬೇಕು. ಓಲ್ನಿಯ ಸಭೆ 1785ರಲ್ಲಿ ಕೇರಿಯ ಬೋಧನೆ ಕೇಳಿತು, ಆದರೆ ತಕ್ಷಣ ಒಪ್ಪಲಿಲ್ಲ. ಇನ್ನೂ ಕೆಲಕಾಲ ಬೋಧಿಸಲಿ, ನೋಡೋಣ ಎಂದು ತೀರ್ಮಾನಿಸಿ, ಮರುವರ್ಷವಷ್ಟೇ ಸೇವೆಗೆ ಕಳುಹಿಸಿತು. ಆ ಕಾಯುವಿಕೆ ಅವರನ್ನು ಗಟ್ಟಿ ಮಾಡಿತೆಂದೇ ಹೇಳಬೇಕು. ಮುಂದೆ ಅವರು ಬೋಧಿಸುತ್ತಿದ್ದ ಮೌಲ್ಟನ್ನಿನ ಬಡ ಸಭೆ ಕೊಡುತ್ತಿದ್ದ ಹಣ ಸಂಸಾರಕ್ಕೆ ಸಾಲದೆ ಅವರು ಮಕ್ಕಳಿಗೆ ಪಾಠ ಹೇಳಿದರು, ಬೂಟು ಹೊಲಿದರು. ಹಾಳೆಗಳನ್ನು ಅಂಟಿಸಿ ಮಾಡಿದ ಲೋಕದ ನಕ್ಷೆಯೊಂದು ಗೋಡೆಯ ಮೇಲಿತ್ತು. ಒಂದೊಂದು ದೇಶದ ಜನಸಂಖ್ಯೆ, ಧರ್ಮ ಮೊದಲಾದ ವಿವರಗಳನ್ನು ಅದರ ಮೇಲೆಯೇ ಬರೆದಿಡುತ್ತಿದ್ದರು.

1792ರ ಅಕ್ಟೋಬರ್ 2ರಂದು ಕೆಟರಿಂಗ್‌ನ ಮನೆಯೊಂದರಲ್ಲಿ ಬ್ಯಾಪ್ಟಿಸ್ಟ್ ಮಿಷನರಿ ಸಂಘ ಹುಟ್ಟಿತು. ಅಂದು ವಾಗ್ದಾನವಾದ ಹಣ 13 ಪೌಂಡ್ 2 ಶಿಲಿಂಗ್ 6 ಪೆನ್ಸ್. ಮರುವರ್ಷ ನವೆಂಬರಿನಲ್ಲಿ ಕೇರಿ ಸಂಸಾರಸಮೇತ ಕಲ್ಕತ್ತೆ ತಲುಪಿದರು. ಮದನಾಬಾಟಿಯ ನೀಲಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಮಗ ಪೀಟರ್ ತೀರಿಕೊಂಡ. ಪತ್ನಿ ಡೊರೊಥಿಗೆ ಚಿತ್ತಸ್ವಾಸ್ಥ್ಯ ಕೆಟ್ಟಿತು. ಕೇರಿಯ ಚರಿತ್ರೆ ಬರೆಯುವವರು ಈ ಹೆಣ್ಣುಮಗಳ ಸಂಕಟವನ್ನು ಒಂದೇ ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ. ಬರಲು ಒಲ್ಲೆನೆಂದಿದ್ದ ಆಕೆ, ಹೊರಡುವ ಮುನ್ನ ಒತ್ತಾಯಕ್ಕೆ ಮಣಿದು ಹಡಗು ಹತ್ತಿದ್ದರು.

ಈಸ್ಟ್ ಇಂಡಿಯಾ ಕಂಪನಿ ತನ್ನ ಸೀಮೆಯಲ್ಲಿ ಮಿಷನರಿಗಳಿಗೆ ಎಡೆ ಕೊಡುತ್ತಿರಲಿಲ್ಲ. ಸೆರಾಂಪುರ ಡೇನರ ಆಡಳಿತದಲ್ಲಿತ್ತು. ಹೀಗಾಗಿ ಸಂಘದ ಹೊಸ ಮಿಷನರಿಗಳಾದ ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅಲ್ಲಿಯೇ ಇಳಿದರು. 1800ರ ಜನವರಿಯಲ್ಲಿ ಕೇರಿಯೂ ಬಂದು ಸೇರಿಕೊಂಡರು. ಏಪ್ರಿಲಿನಲ್ಲಿ ಸಭೆ ಕೂಡಿ ಕೇರಿಯನ್ನು ಸಭಾಪಾಲಕರನ್ನಾಗಿ ಆರಿಸಿತು.

ಬಡಗಿ ಕೃಷ್ಣ ಪಾಲ್ ಒಮ್ಮೆ ಬಿದ್ದು ಕೈಕೀಲು ತಪ್ಪಿಸಿಕೊಂಡಾಗ ಅದನ್ನು ಕೂಡಿಸಿದವರು ಮಿಷನ್ನಿನ ವೈದ್ಯ ಜಾನ್ ಥಾಮಸ್. ಆ ಪರಿಚಯವೇ ಬೆಳೆಯಿತು. 1800ರ ಡಿಸೆಂಬರ್ 28ರಂದು ಕೇರಿ ಒಂದು ಪಕ್ಕ ಮಗ ಫೆಲಿಕ್ಸ್‌ನನ್ನು, ಇನ್ನೊಂದು ಪಕ್ಕ ಕೃಷ್ಣ ಪಾಲರನ್ನು ಕರೆದುಕೊಂಡು ಹೂಗ್ಲಿಗೆ ನಡೆದರು. ಇಬ್ಬರಿಗೂ ಅದೇ ನೀರಿನಲ್ಲಿ ದೀಕ್ಷಾಸ್ನಾನವಾಯಿತು. ಸಭೆಯೊಳಗೆ ಜಾತಿಗೆ ಜಾಗವಿಲ್ಲವೆಂಬ ಮಾತು ಬರೀ ಮಾತಾಗಿ ಉಳಿಯಲಿಲ್ಲ: 1803ರಲ್ಲಿ ಕೃಷ್ಣ ಪಾಲರ ಮಗಳನ್ನು ಬ್ರಾಹ್ಮಣ ಮೂಲದ ಕೃಷ್ಣಪ್ರಸಾದ್ ಮದುವೆಯಾದರು.

ಸಭೆಯ ಜೊತೆಯಲ್ಲೇ ಬೆಳೆದ ಮುದ್ರಣಾಲಯದಿಂದ 1801ರಲ್ಲಿ ಬಂಗಾಳಿ ಹೊಸ ಒಡಂಬಡಿಕೆ ಹೊರಬಂತು. ಇಂಗ್ಲಿಷಿನಲ್ಲಿ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾಯಿತು. ಕೇರಿ ಮತ್ತೆಂದೂ ಇಂಗ್ಲೆಂಡಿಗೆ ಮರಳಲಿಲ್ಲ. 1834ರ ಜೂನ್ 9ರಂದು ಸೆರಾಂಪುರದಲ್ಲೇ ತೀರಿಕೊಂಡರು. ಅವರ ಸಮಾಧಿಯೂ ಅಲ್ಲಿಯೇ ಇದೆ.