ಎಣ್ಣೆ ಉಂಡು ದಡ ತೊಳೆದ ಜೀವಾಣುಗಳು

1989ರ ಮಾರ್ಚ್ 24. ನಡುರಾತ್ರಿ ಕಳೆದು ಕೆಲವೇ ನಿಮಿಷಗಳಾಗಿದ್ದವು. ‘ಎಕ್ಸಾನ್ ವಾಲ್ಡೆಜ್’ ಎಂಬ ತೈಲವಾಹಕ ಹಡಗು ಅಲಾಸ್ಕದ ಪ್ರಿನ್ಸ್ ವಿಲಿಯಂ ಸೌಂಡ್ ಎಂಬಲ್ಲಿ ಸಮುದ್ರದ ಬಂಡೆಸಾಲಿಗೆ ಬಡಿದು ನಿಂತಿತು. ಅದರ ಒಡಲಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಕಡಲಿಗೆ ಹರಿಯಿತು. ಸುಮಾರು 2,000 ಕಿಲೋಮೀಟರ್ ಉದ್ದದ ದಡಕ್ಕೆ ಎಣ್ಣೆ ಮೆತ್ತಿಕೊಂಡಿತು. ಅಂದಾಜು ಎರಡೂವರೆ ಲಕ್ಷ ಕಡಲಹಕ್ಕಿಗಳು ಸತ್ತವು. ಆ ವರ್ಷ ಅಲ್ಲಿನ ಮೀನುಗಾರರು ಬಲೆ ಮಡಿಸಿಟ್ಟು ಕೂರಬೇಕಾಯಿತು.

ದಡವನ್ನು ಶುಚಿಗೊಳಿಸಲು ಸಾವಿರಾರು ಕೆಲಸಗಾರರು ಬಂದರು. ಬಂಡೆಗಳ ಮೇಲೆ ಬಿಸಿನೀರನ್ನು ರಭಸದಿಂದ ಹಾಯಿಸಿದರು. ಎಣ್ಣೆಯೇನೋ ಹೋಯಿತು. ಆದರೆ ಬಂಡೆಗೆ ಅಂಟಿ ಬದುಕಿದ್ದ ಚಿಪ್ಪುಜೀವಿಗಳೂ ಪಾಚಿಯೂ ಅದರೊಂದಿಗೇ ಬೆಂದುಹೋದವು. ರೋಗಕ್ಕಿಂತ ಮದ್ದೇ ಕಠಿಣವಾಯಿತು.

ಎಣ್ಣೆಯನ್ನು ತಿಂದು ಕರಗಿಸುವ ಜೀವಾಣುಗಳ ಸುದ್ದಿ ಜಗತ್ತಿಗೆ ಆಗ ಹೊಸದೇನಲ್ಲ. ಪಶ್ಚಿಮ ಬಂಗಾಳದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ದುಡಿಯುತ್ತಿದ್ದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರು 1970ರ ದಶಕದ ಆರಂಭದಲ್ಲೇ ಅಂಥದೊಂದನ್ನು ರೂಪಿಸಿದ್ದರು. ತೈಲದ ಬೇರೆ ಬೇರೆ ಅಂಶಗಳನ್ನು ಜೀರ್ಣಿಸಿಕೊಳ್ಳುವ ಗುಣ ಬೇರೆ ಬೇರೆ ಬ್ಯಾಕ್ಟೀರಿಯಾಗಳಲ್ಲಿ ಹಂಚಿಹೋಗಿತ್ತು. ಅವನ್ನೆಲ್ಲ ಅವರು ಸ್ಯೂಡೋಮೊನಾಸ್ ಎಂಬ ಒಂದೇ ಜೀವಾಣುವಿಗೆ ಸೇರಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 1980ರಲ್ಲಿ ಐವರು ನ್ಯಾಯಮೂರ್ತಿಗಳು ಕೊಡಬಹುದೆಂದರು, ನಾಲ್ವರು ಒಪ್ಪಲಿಲ್ಲ. ಇಂದಿನ ಜೈವಿಕ ತಂತ್ರಜ್ಞಾನ ಉದ್ಯಮಕ್ಕೆ ಆ ತೀರ್ಪು ದಾರಿ ತೆರೆಯಿತು.

ಹಾಗಾದರೆ ಅಲಾಸ್ಕಕ್ಕೆ ಈ ಜೀವಾಣು ಹೋಯಿತೇ? ಇಲ್ಲ. ಪ್ರಯೋಗಾಲಯದಲ್ಲಿ ಮಾರ್ಪಡಿಸಿದ ಜೀವಿಯನ್ನು ತೆರೆದ ಕಡಲಿಗೆ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಕೋರ್ಟಿನಲ್ಲಿ ಗೆದ್ದ ಆ ಜೀವಾಣು ಸಮುದ್ರದ ತೈಲ ಸೋರಿಕೆಗೆ ಎಂದೂ ಬಳಕೆಯಾಗಲಿಲ್ಲ.

ಕೆಲಸಕ್ಕೆ ಬಂದದ್ದು ಆ ದಡದಲ್ಲೇ ಇದ್ದ, ಹೆಸರಿಲ್ಲದ ಜೀವಾಣುಗಳು. ಕಡಲತಳದ ಬಿರುಕುಗಳಿಂದ ತೈಲ ತಾನಾಗಿ ಒಸರುವುದು ಯುಗಯುಗಗಳಿಂದ ನಡೆದುಬಂದಿದೆ. ಹೀಗಾಗಿ ಅದನ್ನು ಉಣ್ಣಬಲ್ಲ ಸೂಕ್ಷ್ಮಜೀವಿಗಳು ಸಮುದ್ರಗಳಲ್ಲಿ ಮೊದಲಿನಿಂದಲೂ ಇವೆ. ಅವುಗಳ ಕೊರತೆ ಬೇರೆ. ತೈಲದಲ್ಲಿ ಇಂಗಾಲ ಹೇರಳ. ಆದರೆ ಬೆಳೆಯಲು ಬೇಕಾದ ಸಾರಜನಕವೂ ರಂಜಕವೂ ಅದರಲ್ಲಿ ಸಾಲದು. ಬರೀ ಅನ್ನ ಬಡಿಸಿ ಸಾರು, ಪಲ್ಯ ಮರೆತ ಊಟದಂತೆ.

ಈ ಕೊರತೆ ತುಂಬಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು 1989ರ ಬೇಸಿಗೆಯಲ್ಲಿ ದಡಕ್ಕೆ ಗೊಬ್ಬರ ಹಾಕಿದರು! ಎಣ್ಣೆಗೆ ಅಂಟಿಕೊಳ್ಳುವ ದ್ರವ ಗೊಬ್ಬರ ಒಂದು, ನಿಧಾನವಾಗಿ ಕರಗುವ ಹರಳುಗೊಬ್ಬರ ಇನ್ನೊಂದು. ದ್ರವ ಗೊಬ್ಬರ ಸಿಂಪಡಿಸಿದ ಕಡೆ ಸುಮಾರು ಎರಡು ವಾರಗಳಲ್ಲೇ ಕಲ್ಲುಗಳ ಮೇಲ್ಮೈ ತಿಳಿಯಾಗತೊಡಗಿತು. ಪಕ್ಕದ ದಡ ಕಪ್ಪಾಗಿಯೇ ಉಳಿದಿತ್ತು. ಮರುವರ್ಷ ಮಾರುಕಟ್ಟೆಯ ಸಿದ್ಧ ಜೀವಾಣುಗಳನ್ನೂ ಪರೀಕ್ಷಿಸಿ ನೋಡಿದರು. ಸ್ಥಳೀಯ ಜೀವಾಣುಗಳಿಗಿಂತ ಹೆಚ್ಚಿನದೇನನ್ನೂ ಅವು ಸಾಧಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತೇವೆ. ಅಲಾಸ್ಕದಲ್ಲಿ ಹಿತ್ತಲ ಗಿಡವೇ ಮದ್ದಾಯಿತು.

ಆದರೆ ಈ ಮದ್ದಿಗೂ ಮಿತಿಯಿದೆ. 2001ರಲ್ಲಿ ವಿಜ್ಞಾನಿಗಳು ಅದೇ ದಡಗಳನ್ನು ಅಗೆದು ನೋಡಿದಾಗ ಕಲ್ಲುಗಳ ಅಡಿಯಲ್ಲಿ ಎಣ್ಣೆ ಇನ್ನೂ ಜಿನುಗುತ್ತಿತ್ತು. ಆಮ್ಲಜನಕವಿಲ್ಲದೆ ಈ ಜೀವಾಣುಗಳು ಚುರುಕಾಗಿ ದುಡಿಯಲಾರವು. ಮರಳು-ಜಲ್ಲಿಯ ಆಳಕ್ಕೆ ಆಮ್ಲಜನಕ ತಲುಪುವುದು ತೀರ ಕಡಿಮೆ. ಮೇಲಿನದನ್ನು ಅವು ಉಂಡವು, ಹೂತದ್ದು ಹಾಗೆಯೇ ಉಳಿಯಿತು.

ಚಕ್ರವರ್ತಿಯವರು 2020ರಲ್ಲಿ ತೀರಿಕೊಂಡರು. ಅವರ ಜೀವಾಣು ಪಠ್ಯಪುಸ್ತಕಗಳಲ್ಲಿ ಪ್ರಸಿದ್ಧ. ಅಲಾಸ್ಕದ ಜೀವಾಣುಗಳಿಗೆ ಆ ಭಾಗ್ಯವಿಲ್ಲ. ಅವು ಕಲಿಸಿದ ಪಾಠ ಮಾತ್ರ ಎಲ್ಲ ಕಡಲತೀರಗಳಿಗೂ ಅನ್ವಯಿಸುತ್ತದೆ: ನಿಸರ್ಗ ನಮ್ಮ ಕೊಳೆಯನ್ನು ತೊಳೆಯಬಲ್ಲದು, ಆದರೆ ತನ್ನ ವೇಗದಲ್ಲಿ, ತನಗೆ ಗಾಳಿಯೂ ಆಹಾರವೂ ಸಿಗುವಷ್ಟು ದೂರ ಮಾತ್ರ. ಇದನ್ನು ಅರಿತೋ ಏನೋ, 1990ರಲ್ಲಿ ಅಮೆರಿಕ ಕಾನೂನು ಮಾಡಿ, ತೈಲ ಹಡಗುಗಳಿಗೆ ಎರಡು ಪದರದ ಒಡಲು ಇರಬೇಕೆಂದು ವಿಧಿಸಿತು. ವಾಲ್ಡೆಜ್‌ಗೆ ಇದ್ದದ್ದು ಒಂದೇ ಪದರ.